ಕನ್ನಡ ವಿಕಿಪೀಡಿಯದಲ್ಲಿ ಯಕ್ಷಗಾನ ಕಲಾವಿದರ ಪುಟ ಮಾಡ್ಲಿಕ್ಕೆ ಹೊರಟವರಿಗೆ ನನ್ನ ರಿವ್ಯೂ

ರೇಟಿಂಗ್ ಮೊದ್ಲೇ ಹೇಳ್ತೇನೆ, ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಕೊಟ್ಟದ್ದು ಮೊಬೈಲಲ್ಲಿ ಉಲ್ಲೇಖ (ಬರೆದ ಮಾಹಿತಿಗೆ ಆಧಾರ ಎಲ್ಲಿದೆ ಅನ್ನುವ ವಿವರ) ಸೇರಿಸುವ ಕಷ್ಟಕ್ಕೆ, ಲ್ಯಾಪ್‌ಟಾಪ್ ಇದ್ರೆ ಆ ತೊಂದರೆಯೂ ಇಲ್ಲ.

ನಾನು ಪುಟ ಮಾಡಿದ್ದು ನಮ್ಮ ಕಡೆಯ ಒಬ್ಬರು ಹಿರಿಯ ತೆಂಕುತಿಟ್ಟು (ಯಕ್ಷಗಾನದ ದಕ್ಷಿಣದ ಶೈಲಿ) ಕಲಾವಿದರದ್ದು, ಬಣ್ಣದ ವೇಷದವರು, ಅಂದ್ರೆ ರಾಕ್ಷಸ ಪಾತ್ರ ಮಾಡುವವರು, ಈಗ್ಲೂ ಗೆಜ್ಜೆ ಕಟ್ತಾರೆ. ನಾನು ಅವರ ಅಭಿಮಾನಿ ಅಷ್ಟೇ, ಸಂಬಂಧಿ ಅಲ್ಲ. ಬೆಳಗಿನ ಜಾವ ಅವರ ಮಹಿಷಾಸುರ ಸಭೆಯ ನಡುವಿಂದ ಆರ್ಭಟಿಸಿಕೊಂಡು ಬರುದನ್ನ ನೋಡಿದವರಿಗೆ ಆ ಮನುಷ್ಯ ಯಾರು ಅಂತ ಹೇಳ್ಬೇಕಾಗಿಲ್ಲ, ಆದ್ರೆ ಗೂಗಲ್‌ನಲ್ಲಿ ಹುಡುಕಿದ್ರೆ ಯೂಟ್ಯೂಬಿನ ತುಣುಕು ಬಿಟ್ರೆ ಬೇರೆ ಎಂತದೂ ಸಿಗ್ತಿರ್ಲಿಲ್ಲ. ಇಂಗ್ಲಿಷ್ ವಿಕಿ 60 ಲಕ್ಷ ಲೇಖನ ದಾಟಿ ಎಷ್ಟೋ ಕಾಲ ಆಯ್ತು, 2003ರಲ್ಲಿ ಶುರುವಾದ ನಮ್ಮ ಕನ್ನಡದ್ದು 30 ಸಾವಿರ ಚಿಲ್ಲರೆಯಲ್ಲಿ ಉಂಟು. ನಮ್ಮವರ ಬಗ್ಗೆ ನಾವು ಬರೆಯದೆ ಇನ್ಯಾರು ಬರೀತಾರೆ ಹೇಳಿ.

ಸೌಲಭ್ಯದ ವಿಷಯ ಬೇಗ ಹೇಳಿ ಮುಗಿಸ್ತೇನೆ. ಖಾತೆ ಫ್ರೀ, ಫೋನ್ ನಂಬರ್ ಕೇಳುದಿಲ್ಲ. ಕನ್ನಡ ಟೈಪಿಂಗ್ ಒಳಗೇ ಉಂಟು, ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿದ್ರೆ ಭಾಷೆ ಬದಲಾಗ್ತದೆ. ಖಾತೆ ಆದ ಮೇಲೆ ನಿಮ್ಮದೇ ಒಂದು ಪ್ರಯೋಗಪುಟ ಸಿಗ್ತದೆ, ಪೂರ್ತಿ ಅಲ್ಲೇ ಬರೆದು ತಿದ್ದಿ ಆಮೇಲೆ ಲೇಖನಗಳ ಜಾಗಕ್ಕೆ ಸಾಗಿಸಿ. ಅರೆಬರೆ ಬರೆದದ್ದನ್ನ ನೇರ ಹಾಕಿದ್ರೆ ಇದನ್ನ ಅಳಿಸ್ಬೇಕು ಅನ್ನುವ ಫಲಕ ಬೀಳುವ ಸಾಧ್ಯತೆ ಜಾಸ್ತಿ.

ನಿಜವಾದ ಕೆಲಸ ಇರುದು ಉಲ್ಲೇಖದಲ್ಲಿ. ಪತ್ತನಾಜೆ (ತಿರುಗಾಟ ಮುಗಿಯುವ ದಿನ) ಆಗಿ ಮೇಳಗಳು, ಅಂದ್ರೆ ಯಕ್ಷಗಾನ ತಂಡಗಳು, ಒಳಗೆ ಹೋದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮನೆಯಲ್ಲಿ ಸಿಗ್ತಾರೆ, ಆಗ ಕೂತು ಕೇಳಿದೆ. ಮೊದಲ ಮೇಳ ಯಾವುದು, ಎಷ್ಟು ವರ್ಷ ತಿರುಗಾಟ, ಬಣ್ಣಗಾರಿಕೆ ಯಾರಿಂದ ಕಲಿತದ್ದು, ಮುಖದ ಮೇಲೆ ಚುಟ್ಟಿ (ಮುಳ್ಳಿನಂಥ ಬಿಳಿ ಅಲಂಕಾರ) ಇಡ್ಲಿಕ್ಕೆ ಅಕ್ಕಿಹಿಟ್ಟಿಗೆ ಸುಣ್ಣ ಹೇಗೆ ಸೇರಿಸುದು, ಎಲ್ಲ ಹೇಳಿದ್ರು. ಆದ್ರೆ ವಿಕಿಯಲ್ಲಿ ಅವರ ಬಾಯಿಂದ ಕೇಳಿದ್ದನ್ನ ಹಾಗೇ ಬರೆಯುವ ಹಾಗಿಲ್ಲ, ಎಲ್ಲಿಯಾದ್ರೂ ಅಚ್ಚಾಗಿರ್ಬೇಕು, ಅದೂ ಅವರಿಗೆ ಸಂಬಂಧ ಇಲ್ಲದವರು ಬರೆದದ್ದಾದ್ರೆ ಗಟ್ಟಿ. ಯಕ್ಷಗಾನದಂಥ ಬಾಯಿಂದ ಬಾಯಿಗೆ ಬಂದ ಕಲೆಗೆ ಇದು ಕಠಿಣ ನಿಯಮ ಅಂತ ನನಗೂ ಅನಿಸ್ತದೆ, ಆದ್ರೆ ಇದನ್ನ ಸಡಿಲ ಬಿಟ್ರೆ ಯಾರು ಬೇಕಾದ್ರೂ ಎಂತ ಬೇಕಾದ್ರೂ ಬರೀಬಹುದು, ಹಾಗಾಗಿ ನಾನು ನಿಯಮದ ಪರವೇ.

ಅವರು ಹೇಳಿದ ಮಾತಿನ ಜಾಡು ಹಿಡಿದೇ ಹುಡುಕ್ಬೇಕು. ಇಂಥ ವರ್ಷ ಇಂಥ ಕಡೆ ಸನ್ಮಾನ ಆಗಿತ್ತು ಅಂದ್ರೆ ಆ ವಾರದ ಪೇಪರ್ ನೋಡಿ. ಆನ್‌ಲೈನ್ ಲಿಂಕ್ ಬೇಕೇಬೇಕು ಅಂತ ಇಲ್ಲ, ಇದು ಸುಮಾರು ಜನಕ್ಕೆ ಗೊತ್ತಿಲ್ಲ. ಹಳೇ ಉದಯವಾಣಿ ಕಟಿಂಗ್ ಆದ್ರೂ ನಡೀತದೆ, ಪತ್ರಿಕೆ ಹೆಸರು, ತಾರೀಕು, ಶೀರ್ಷಿಕೆ, ಪುಟ ಸಂಖ್ಯೆ ಸರಿಯಾಗಿ ಕೊಟ್ರೆ ಆಯ್ತು. ಯಕ್ಷಗಾನ ಅಕಾಡೆಮಿಯ ಪಾರ್ತಿಸುಬ್ಬ ಪ್ರಶಸ್ತಿ, ರಾಜ್ಯೋತ್ಸವ ಪ್ರಶಸ್ತಿ ಇಂಥದ್ದು ಬಂದಿದ್ರೆ ಪುಟ ನಿಲ್ತದೆಯಾ ಅನ್ನುವ ಚಿಂತೆ ಸುಮಾರು ಕಡಿಮೆ. ಶಿಷ್ಯರೇ ಸೇರಿ ತಂದ ಅಭಿನಂದನ ಗ್ರಂಥ ಹುಟ್ಟೂರು, ಗುರುಗಳ ಹೆಸರು ಇಂಥ ವಿವರಕ್ಕೆ ಸಾಕು, ದೊಡ್ಡ ಹೊಗಳಿಕೆಗೆ ಆಧಾರ ಆಗುದಿಲ್ಲ.

ಬದುಕಿರುವವರ ಬಗ್ಗೆ ನಿಯಮ ಇನ್ನೂ ಬಿಗಿ, ಅದಕ್ಕೆ ಕಾರಣ ಉಂಟು. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಪುಟದಲ್ಲಿ ಕೆನಡಿ ಹತ್ಯೆಯಲ್ಲಿ ಅವರ ಕೈವಾಡ ಇತ್ತಂತೆ ಅಂತ ಯಾರೋ ಬರೆದ ಸುಳ್ಳು ತಿಂಗಳುಗಟ್ಟಲೆ ಹಾಗೇ ಇತ್ತು. ಅದರ ನಂತರವೇ ಇದೆಲ್ಲ ಗಟ್ಟಿಯಾದದ್ದು. ಈಗ ಇಂಗ್ಲಿಷಿನಲ್ಲಿ ಬದುಕಿರುವವರ ಹೊಸ ಪುಟಕ್ಕೆ ಒಂದೂ ಉಲ್ಲೇಖ ಇಲ್ಲದಿದ್ರೆ ಅಳಿಸುವ ಸೂಚನೆ ಹಾಕ್ತಾರೆ, 7 ದಿನದಲ್ಲಿ ಉಲ್ಲೇಖ ಬಾರದಿದ್ರೆ ಪುಟವೇ ಹೋಗ್ತದೆ. ನಮ್ಮಲ್ಲಿ ಇದು ಯಾಕೆ ಮುಖ್ಯ ಅಂದ್ರೆ ಪೇಪರಿನ ಕಲಾವಿದ ಪರಿಚಯದ ಅಂಕಣ ತೆಗೆದು ನೋಡಿ, ಕೊನೆಯ ಸಾಲಲ್ಲಿ ಹೆಂಡತಿ ಮಕ್ಕಳ ಹೆಸರು, ಮನೆ ವಿಳಾಸ, ಮೊಬೈಲ್ ನಂಬರ್ ಎಲ್ಲ ಇರ್ತದೆ. ಪೇಪರಲ್ಲಿ ಬಂದದ್ದಲ್ವಾ ಅಂತ ಅದನ್ನ ಎತ್ತಿ ಹಾಕ್ಲೇಬೇಡಿ. ಕಲೆಗೆ ಬೇಕಾದ್ದು ಮಾತ್ರ ಸಾಕು.

ಬರವಣಿಗೆಯಲ್ಲಿ ‘ಯಕ್ಷರಂಗದ ಮೇರುಪರ್ವತ’, ‘ಪ್ರೇಕ್ಷಕರ ಮನಸೂರೆಗೊಂಡ’ ಎಲ್ಲ ಬಿಡಿ. ಯಾವ ಮೇಳ, ಯಾವ ಪ್ರಸಂಗ, ಯಾವ ಪಾತ್ರ ಅಂತ ಬರೀರಿ. ಮಹಿಷಾಸುರ, ಕುಂಭಕರ್ಣ, ಹೆಣ್ಣು ಬಣ್ಣದಲ್ಲಿ (ರಾಕ್ಷಸಿಯ ವೇಷ) ಶೂರ್ಪನಖಿ, ಹೀಗೆ ಬರೆದ್ರೆ ಗೊತ್ತಿದ್ದವರಿಗೆ ಆ ಕಲಾವಿದರ ತೂಕ ತಾನಾಗಿ ತಿಳೀತದೆ.

ಫೋಟೋ ನೀವೇ ತೆಗೀರಿ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕನ್ನಡಿ ಹಿಡ್ಕೊಂಡು ಚುಟ್ಟಿ ಇಡುವಾಗ ನಾನು ತೆಗೆದ ಫೋಟೋವನ್ನೇ ವಿಕಿಯ ಚಿತ್ರ ಭಂಡಾರ ಕಾಮನ್ಸಿಗೆ ಹಾಕಿದೆ, ಅವರನ್ನ ಕೇಳಿಯೇ ಹಾಕಿದ್ದು. ವಾಟ್ಸಾಪಲ್ಲಿ ಬಂದ ಚಂದದ ಫೋಟೋ ಬೇಡ, ಹಕ್ಕು ಇರುದು ತೆಗೆದವರದ್ದು, ವೇಷ ಹಾಕಿದವರದ್ದಲ್ಲ. ಫೋಟೋಗ್ರಾಫರ್ ಒಪ್ಪಿದ್ರೆ ಅವರೇ ಕಾಮನ್ಸಿಗೆ ಇಮೇಲಲ್ಲಿ ಅನುಮತಿ ಕಳಿಸ್ಬಹುದು.

ಇನ್ನೊಂದು, ದುಡ್ಡು ಕೊಟ್ರೆ ಪುಟ ಗ್ಯಾರಂಟಿ ಅಂತ ಹೇಳುವ ಒಂದು ಏಜೆನ್ಸಿ ಈ ಕಲಾವಿದರ ಮಗನಿಗೂ ಫೋನ್ ಮಾಡಿತ್ತು, ಕೇಳಿದ್ದು ಐದಂಕಿಯ ಮೊತ್ತ. ಗ್ಯಾರಂಟಿ ಕೊಡುವ ಅಧಿಕಾರ ಯಾರಿಗೂ ಇಲ್ಲ, ಮೇಲಾಗಿ ದುಡ್ಡು ತಗೊಂಡು ಬರೆಯುವವರು ಅದನ್ನ ಬಹಿರಂಗವಾಗಿ ಹೇಳ್ಲೇಬೇಕು ಅಂತ 2014ರಿಂದ ವಿಕಿಯ ಬಳಕೆಯ ಷರತ್ತಲ್ಲೇ ಉಂಟು. ಮಳೆಗಾಲದಲ್ಲಿ ಆಟ (ಪ್ರದರ್ಶನ) ಇಲ್ಲದೆ ಕೂತ ಕಲಾವಿದರ ಮನೆಯಿಂದ ಇಂಥ ದುಡ್ಡು ಕೇಳುದು ಅನ್ಯಾಯ.

ಪುಟ ಬಂದ ಮೇಲೆ ಆ ಕಲಾವಿದರಿಗೆ ತೋರಿಸ್ಲಿಕ್ಕೆ ಹೋದೆ. ಕನ್ನಡಕ ಹಾಕಿ ಪೂರ್ತಿ ಓದಿ, "ಈ ಎರಡು ಮೇಳ ಹಿಂದುಮುಂದು ಆಗಿದೆ ಮಾರಾಯ್ರೇ, ಪೇಪರಿನವರು ಅಂದೇ ತಪ್ಪು ಹಾಕಿದ್ದು" ಅಂದ್ರು. ಮನೆಯವರು ಲೇಖನವನ್ನ ನೇರ ತಿದ್ದುದು ಬೇಡ, ಚರ್ಚೆಪುಟದಲ್ಲಿ ಬರೆದ್ರೆ ಬೇರೆಯವರು ನೋಡಿ ತಿದ್ತಾರೆ ಅಂತ ಮಗನಿಗೆ ಹೇಳಿದೆ. ಮಗ ಹಳೇ ಸ್ಮರಣ ಸಂಚಿಕೆಯೊಂದರ ಪುಟ ಸಂಖ್ಯೆ ಕೊಟ್ಟು ಬರೆದ್ರು, ಸರಿಯೂ ಆಯ್ತು.

ನಿಮ್ಮ ಮನೆ ಅಟ್ಟದಲ್ಲಿ ಇಂಥ ಸ್ಮರಣ ಸಂಚಿಕೆ, ಪೇಪರ್ ಕಟಿಂಗ್ ಇದ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ. ಕಟಿಂಗಿನ ಹಿಂದೆ ಪತ್ರಿಕೆ ಹೆಸರು ಮತ್ತು ತಾರೀಕು ಇವತ್ತೇ ಬರೆದಿಡಿ.