ಹಾಸನದಲ್ಲಿ ಹಳೇ ಚರ್ಮದ ಫುಟ್‌ಬಾಲ್ ರಿಪೇರಿ: ನನ್ನ ಅನುಭವ

ಹಾಸನದಲ್ಲಿ ಹಳೇ ಫುಟ್‌ಬಾಲ್ ಯಾರಾದರೂ ರಿಪೇರಿ ಮಾಡ್ತಾರಾ ಅಂತ ಹುಡುಕುವವರಿಗೆ ಇದನ್ನು ಬರೆಯುತ್ತಿದ್ದೇನೆ. ಮಾಡುತ್ತಾರೆ. ಕಟ್ಟಿನಕೆರೆ ಮಾರುಕಟ್ಟೆ ಹತ್ತಿರದ ಒಂದು ಸಂದಿಯಲ್ಲಿ ಚಪ್ಪಲಿ, ಬ್ಯಾಗು, ಬೈಕ್ ಸೀಟು ಹೊಲಿಯುವ ಪುಟ್ಟ ಅಂಗಡಿ ಇದೆ. ಬೋರ್ಡ್ ಇಲ್ಲ. ಮುಂದೆ ನೀಲಿ ಟಾರ್ಪಾಲ್ ಕಟ್ಟಿರುತ್ತಾರೆ, ಅದೇ ಗುರುತು.

ನಾನು ಒಯ್ದದ್ದು 1986-87ರಲ್ಲಿ ನಮ್ಮ ಕಾಲೇಜು ತಂಡ ಆಡಿದ ಚೆಂಡು. ಆ ವರ್ಷ ನಾನು ಗೋಲ್‌ಕೀಪರ್. ಮ್ಯಾಚಿಗೆ ಅಂತ ನಮ್ಮ ಹತ್ತಿರ ಇದ್ದದ್ದು ಇದೊಂದೇ. ಸೀಸನ್ ಮುಗಿದ ಮೇಲೆ ಪಿ.ಟಿ. ಮೇಷ್ಟ್ರು "ನೀನೇ ಇಟ್ಕೊಳಯ್ಯ" ಅಂತ ಕೊಟ್ಟರು. ಒಳಗಿನ ಗಾಳಿ ಚೀಲ, ಅಂದರೆ ಬ್ಲ್ಯಾಡರ್ ಹೋಗಿ, ಎರಡು ಕಡೆ ಹೊಲಿಗೆ ಬಿಟ್ಟು, ಎಷ್ಟೋ ವರ್ಷ ಅಟ್ಟದ ಮೇಲೆ ಬಿದ್ದಿತ್ತು. ಈಗ ಹಳೇ ಹುಡುಗರೆಲ್ಲ ಸೇರೋಣ ಅಂತ ಮಾತಾದಾಗ ಕೆಳಗಿಳಿಸಿದೆ. ಮೊದಲು ಒಂದು ದೊಡ್ಡ ಸ್ಪೋರ್ಟ್ಸ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಕೈಗೂ ತೆಗೆದುಕೊಳ್ಳಲಿಲ್ಲ. "ಬಿಸಾಕಿ ಅಂಕಲ್, ಹೊಸದು ಕೊಡ್ತೀನಿ" ಅಂದ. ತುಂಬಾ ಬೇಜಾರಾಯಿತು.

ಸಂದಿಯ ಅಂಗಡಿಯವರು ಹಾಗಲ್ಲ. ಚೆಂಡನ್ನು ತೊಡೆ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಹೊಲಿಗೆ ಒತ್ತಿ ನೋಡಿ, ಆಮೇಲೆ ಕೇಳಿದರು: "ಸಾರ್, ಹೊಸದರ ಥರ ಕಾಣ್ಬೇಕಾ, ಇಲ್ಲಾ ಆಡೋ ಥರ ಆಗ್ಬೇಕಾ?" ನನಗೆ ಆಡಬೇಕಿತ್ತು. ಹಾಗಾದರೆ ಬಣ್ಣ ಹಚ್ಚೋದು ಬೇಡ ಅಂತ ಅವರೇ ಹೇಳಿದರು.

ಆ ಸೀಸನ್ ಬಗ್ಗೆ ಸ್ವಲ್ಪ ಹೇಳಲೇಬೇಕು. 1986ರ ಜೂನ್ 29ರ ರಾತ್ರಿ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ ಪಶ್ಚಿಮ ಜರ್ಮನಿಯನ್ನು 3-2ರಿಂದ ಸೋಲಿಸಿತ್ತು, ಮರುದಿನದಿಂದ ನಮ್ಮ ತಂಡದಲ್ಲಿ ಎಲ್ಲರೂ ಮರಡೋನಾನೇ. ಆ ವಿಶ್ವಕಪ್‌ನ ಚೆಂಡು ಪೂರ್ತಿ ಸಿಂಥೆಟಿಕ್, ವಿಶ್ವಕಪ್‌ನಲ್ಲಿ ಅಂಥದ್ದು ಅದೇ ಮೊದಲು. ನಮ್ಮದು ಚರ್ಮ. ಒಣಗಿದ್ದಾಗ 450 ಗ್ರಾಂ ಒಳಗೇ ಇರುತ್ತದೆ, ಮಲೆನಾಡಿನ ಮಳೆಯಲ್ಲಿ ಅರ್ಧ ಗಂಟೆ ಆಡಿದರೆ ನೀರು ಕುಡಿದು ಕಲ್ಲಾಗುತ್ತದೆ. ಆಗಸ್ಟ್‌ನಲ್ಲಿ ಬೇಲೂರು ದಾಟಿ ಚಿಕ್ಕಮಗಳೂರಿಗೆ ಹೋಗಿ ಆಡಿದ ಮ್ಯಾಚಿನಲ್ಲಿ ಹಾಗೇ ಆಯಿತು. ಮಳೆ ಬಿಡಲೇ ಇಲ್ಲ. ಕೊನೆಯ ಕಾಲು ಗಂಟೆ ನಮ್ಮ ಬ್ಯಾಕ್‌ಗಳು ಚೆಂಡು ಸಿಕ್ಕಿದಾಗಲೆಲ್ಲ ನನಗೇ ತಳ್ಳಿದರು, ನಾನು ಕೈಯಲ್ಲಿ ಹಿಡಿದು ಎದೆಗೆ ಅಪ್ಪಿಕೊಂಡೆ. ಆಗ ಅದಕ್ಕೆ ಅವಕಾಶ ಇತ್ತು, ತಮ್ಮವರೇ ಬೇಕಂತ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದು ಅನ್ನೋ ಬ್ಯಾಕ್‌ಪಾಸ್ ನಿಯಮ ಬಂದದ್ದು 1992ರಲ್ಲಿ. 1-0 ಗೆದ್ದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಸೆಂಟರ್ ಫಾರ್ವರ್ಡ್ ಚೆಂಡನ್ನು ಅಂಗಿಯಿಂದ ಒರೆಸಿ, ನೀಲಿ ಪೆನ್ನಿನಲ್ಲಿ ಒತ್ತಿ ಒತ್ತಿ "1-0" ಅಂತ ಬರೆದ. ಮುಂದೆ ಮೈಸೂರಿನಲ್ಲಿ ಸೋತು ಬಂದೆವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಶುರುವಾಗಿ ಚಿಕ್ಕಮಗಳೂರಿನ ಕಾಲೇಜುಗಳು ಆ ಕಡೆ ಹೋದವು, ನಾವು ಮೈಸೂರು ವಿಶ್ವವಿದ್ಯಾಲಯದಲ್ಲೇ ಉಳಿದೆವು. ಆ ಹುಡುಗರ ಎದುರು ಮತ್ತೆ ಆಡಲೇ ಇಲ್ಲ.

ಚೆಂಡು ಕೊಟ್ಟ ಮೂರನೇ ದಿನ ಅಂಗಡಿಯವರು ಫೋನ್ ಮಾಡಿದರು. "ಸಾರ್, ಇಲ್ಲೊಂದು ತುಂಡಿನ ಮೇಲೆ ಪೆನ್ನಲ್ಲಿ ಏನೋ ಬರೆದೈತೆ. ಎಣ್ಣೆ ಹಾಕಿದ್ರೆ ಅಳಿಸಿ ಹೋಗ್ತದೆ. ಅದನ್ನ ಹಂಗೇ ಬಿಡ್ಲಾ?" ನನಗೆ ಗಂಟಲು ಕಟ್ಟಿತು. ಚೆಂಡಿನಲ್ಲಿ ಐದು ಮೂಲೆಯ 12, ಆರು ಮೂಲೆಯ 20, ಒಟ್ಟು 32 ತುಂಡು ಇರುತ್ತವೆ. ಅವರು 31ಕ್ಕೆ ಎಣ್ಣೆ ತಿಕ್ಕಿ, ಅದೊಂದನ್ನು ಮುಟ್ಟದೆ ಬಿಟ್ಟಿದ್ದಾರೆ.

ಹೊಲಿಗೆ ಹಾಕುವುದನ್ನು ಕೂತು ನೋಡಿದೆ. ಮೇಣ ತಿಕ್ಕಿದ ದಾರ, ಎರಡು ತುದಿಗೂ ಸೂಜಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು. ಬ್ಲ್ಯಾಡರ್ ಒಳಗೆ ಹೋದ ಮೇಲಿನ ಕೊನೆಯ ನಾಲ್ಕೈದು ಹೊಲಿಗೆಯೇ ಕಷ್ಟ, ಒಳಗೆ ಕೈ ಹೋಗಲ್ಲ ಅಲ್ವಾ. ಅವನ್ನು ಸಡಿಲ ಬಿಟ್ಟು, ಕೊನೆಗೆ ಒಟ್ಟಿಗೆ ಎಳೆದು, ಗಂಟನ್ನು ದಬ್ಬಳದಿಂದ ಒಳಗೆ ತಳ್ಳಿದರು. ಎಲ್ಲಿ ಮುಚ್ಚಿದ್ದಾರೆ ಅಂತ ಈಗ ನನಗೇ ಗೊತ್ತಾಗುವುದಿಲ್ಲ.

ತೊಂದರೆಯೂ ಹೇಳಿಬಿಡುತ್ತೇನೆ. ಶುಕ್ರವಾರ ಅಂದವರು ಕೊಟ್ಟದ್ದು ಸೋಮವಾರ. ಮೊದಲು ಹಾಕಿದ ಬ್ಲ್ಯಾಡರ್ ಒಂದೇ ರಾತ್ರಿಗೆ ಗಾಳಿ ಬಿಟ್ಟಿತು, ಮಾತಾಡದೆ ಬೇರೆ ಹಾಕಿಕೊಟ್ಟರು, ಅದಕ್ಕೆ ದುಡ್ಡು ಕೇಳಲಿಲ್ಲ. ಎಲ್ಲ ಸೇರಿ 380 ರೂಪಾಯಿ. ನಾನು 500 ಕೊಟ್ಟರೆ ಚಿಲ್ಲರೆ ಎಣಿಸಿ ವಾಪಸ್ ಕೊಟ್ಟರು.

ಹೋಗುವವರು ಸಂಜೆ ನಾಲ್ಕರ ಮೇಲೆ ಹೋಗಿ, ಬೆಳಗ್ಗೆ ಸೀಟಿನ ಕೆಲಸ ಜಾಸ್ತಿ ಇರುತ್ತದೆ. ಚೆಂಡಿನ ಮೇಲೆ ಏನಾದರೂ ಬರೆದಿದ್ದರೆ ಮೊದಲೇ ತೋರಿಸಿ.