ನೈಟ್ರೈಟ್ ನೆಗೆಟಿವ್ ಎಂದು ಹೇಳಿ ಕಲ್ಚರ್ ದುಡ್ಡು ನುಂಗಿದರು: ತುಮಕೂರಿನವರೇ, ಎಚ್ಚರ

ತುಮಕೂರಿನಲ್ಲಿ ಮೂತ್ರ ಪರೀಕ್ಷೆ ಮಾಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಲ್ಯಾಬಿನ ಹೆಸರು ಹಾಕುವುದಿಲ್ಲ. ಊರಿನಲ್ಲಿ ಹೆಜ್ಜೆಗೊಂದು ಲ್ಯಾಬ್ ಇದೆ, ಇಂಥದ್ದು ಇದೊಂದೇ ಎಂದು ನನಗೆ ಅನ್ನಿಸುವುದೂ ಇಲ್ಲ.

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಗುಬ್ಬಿ ಕಡೆಯ ಹಳ್ಳಿಯಿಂದ ನಮ್ಮ ಮನೆಗೆ ಬಂದಾಗಲೇ ಉರಿಮೂತ್ರ. ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಹೋಗುವುದು, ನಾಲ್ಕು ಹನಿ ಬರುವುದು, ನೋವು ತಡೆಯಲಾರದೆ ಗೋಡೆ ಹಿಡಿದು ನಿಲ್ಲುವುದು. ವೈದ್ಯರು ಚೀಟಿಯಲ್ಲಿ ಎರಡು ಬರೆದರು: ಸಾದಾ ಮೂತ್ರ ಪರೀಕ್ಷೆ, ಜೊತೆಗೆ ಕಲ್ಚರ್, ಅಂದರೆ ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ. ಲ್ಯಾಬಿನಲ್ಲಿ 750 ರೂಪಾಯಿ ಕಟ್ಟಿಸಿಕೊಂಡರು. ಅದರಲ್ಲಿ ಕಲ್ಚರ್‌ಗೆ 600. ರಸೀದಿ ನನ್ನ ಹತ್ತಿರ ಇದೆ, ಎಸೆದಿಲ್ಲ, ಎಸೆಯುವುದೂ ಇಲ್ಲ.

ಕೌಂಟರಿನ ಹಿಂದಿನ ಬಾಗಿಲು ತೆರೆದೇ ಇದ್ದುದರಿಂದ ಒಳಗಿನದೆಲ್ಲ ಕಾಣುತ್ತಿತ್ತು. ಪರೀಕ್ಷೆಯ ಪಟ್ಟಿಗಳ ಡಬ್ಬಿ ಕಿಟಕಿಯ ಪಕ್ಕದಲ್ಲಿ, ಮುಚ್ಚಳ ಬೇರೆ, ಡಬ್ಬಿ ಬೇರೆ. ಹುಡುಗ ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮಾತನಾಡುತ್ತಲೇ ಒಂದು ಪಟ್ಟಿ ಎಳೆದು, ಅದ್ದಿ, ಡಬ್ಬಿಯ ಮೇಲಿನ ಬಣ್ಣಗಳಿಗೆ ಒಮ್ಮೆ ಹಿಡಿದು ನೋಡಿ ಬುಟ್ಟಿಗೆ ಎಸೆದ. ಪಟ್ಟಿಯ ಮೇಲೆ ಬಣ್ಣ ಬದಲಾಗುವ ಚೌಕಗಳಿರುತ್ತವೆ. ಸಾಮಾನ್ಯವಾಗಿ ಸೋಂಕಿನ ಸುಳಿವು ಕೊಡುವ ನೈಟ್ರೈಟ್ ಎಂಬ ರಾಸಾಯನಿಕದ ಚೌಕವನ್ನು 60 ಸೆಕೆಂಡಿಗೆ, ಬಿಳಿರಕ್ತಕಣದ ಚೌಕವನ್ನು ಎರಡು ನಿಮಿಷಕ್ಕೆ ಓದಬೇಕು. ಈ ಮಹಾನುಭಾವ ಎಲ್ಲವನ್ನೂ ಒಂದೇ ಉಸಿರಿಗೆ ಓದಿ ಮುಗಿಸಿದ.

ಅದು ಶನಿವಾರ. ಸಂಜೆ ವರದಿ ಮೊಬೈಲಿಗೆ ಬಂತು: ನೈಟ್ರೈಟ್ ನೆಗೆಟಿವ್. ಫೋನ್ ಮಾಡಿದರೆ, "ನಾರ್ಮಲ್ ಇದೆ ಮೇಡಂ, ಸೋಂಕು ಇಲ್ಲ. ಉಷ್ಣ ಅಷ್ಟೇ, ಎಳನೀರು ಕುಡಿಸಿ." ತೆಂಗಿನ ಸೀಮೆಯವರಿಗೆ ಎಳನೀರು ಕುಡಿಸಲು ಹೇಳಿಕೊಡುವುದಕ್ಕೆ 750 ರೂಪಾಯಿ!

ಭಾನುವಾರ ರಾತ್ರಿ ಅತ್ತೆಗೆ ಚಳಿಜ್ವರ. ಹಲ್ಲು ಕಟಕಟ ಎನ್ನುತ್ತಿತ್ತು, ಸೊಂಟದ ಮೇಲ್ಭಾಗದಲ್ಲಿ ಒಂದು ಪಕ್ಕ ಮುಟ್ಟಗೊಡಲಿಲ್ಲ. ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ವೈದ್ಯರು ಆ ವರದಿ ನೋಡಿದ ಕೂಡಲೇ ಬೆರಳಿಟ್ಟು ತೋರಿಸಿದ್ದು ನೈಟ್ರೈಟಿನ ಕೆಳಗಿನ ಸಾಲು: ಬಿಳಿರಕ್ತಕಣ, ಎರಡು ಪ್ಲಸ್. ಮೂತ್ರದಲ್ಲಿ ಬಿಳಿರಕ್ತಕಣ ಇಷ್ಟು ಕಂಡರೆ ಸೋಂಕಿನ ಸಂಶಯ ಬರಲೇಬೇಕು. ಆ ಹುಡುಗನ ಅವಸರದಲ್ಲೂ ಎರಡು ಪ್ಲಸ್ ಬಂದಿತ್ತು, ಅದನ್ನು ಅವರೇ ಬರೆದಿದ್ದರು, ಬರೆದು "ನಾರ್ಮಲ್" ಎಂದಿದ್ದರು!

ವೈದ್ಯರು ವಿವರಿಸಿದ್ದು ಇಷ್ಟು. ನಾವು ತಿನ್ನುವ ಸೊಪ್ಪು ತರಕಾರಿಯಿಂದ ಮೂತ್ರಕ್ಕೆ ನೈಟ್ರೇಟ್ ಬರುತ್ತದೆ. ಇ. ಕೋಲೈಯಂಥ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಬದಲಾಯಿಸುತ್ತದೆ, ಆಗ ಪಟ್ಟಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಅದಕ್ಕೆ ಮೂತ್ರ ಸುಮಾರು 4 ಗಂಟೆ ಮೂತ್ರಕೋಶದಲ್ಲಿ ನಿಂತಿರಬೇಕು. ಬೆಳಗಿನ ಮೊದಲ ಮೂತ್ರ ಒಳ್ಳೆಯದು ಎನ್ನುವುದು ಅದಕ್ಕೇ. ಅರ್ಧ ಗಂಟೆಗೊಮ್ಮೆ ಹೋಗುವವರಲ್ಲಿ ಅದು ನಿಲ್ಲುವುದೆಲ್ಲಿ? ವಿಟಮಿನ್ ಸಿ ಹೆಚ್ಚಾಗಿ ತೆಗೆದುಕೊಂಡಿದ್ದರೂ ಬಣ್ಣ ಬಾರದೆ ಹೋಗಬಹುದು. ಸಾಲದ್ದಕ್ಕೆ ಎಂಟೆರೋಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾ ಈ ಬದಲಾವಣೆ ಮಾಡುವುದೇ ಇಲ್ಲ. ನೈಟ್ರೈಟ್ ಪಾಸಿಟಿವ್ ಬಂದರೆ ಸೋಂಕಿನ ಸಂಶಯ ಬಲವಾಗುತ್ತದೆ, ನೆಗೆಟಿವ್ ಬಂದರೆ ಸೋಂಕು ಇಲ್ಲವೆಂದು ಅರ್ಥವಲ್ಲ. ಬಣ್ಣ ಬರುವ ಈ ಕ್ರಿಯೆಯನ್ನು ಗ್ರೀಸ್ ಎಂಬ ರಸಾಯನ ವಿಜ್ಞಾನಿ ಬರೆದಿಟ್ಟದ್ದು 1879ರಲ್ಲಿ. ಅದನ್ನೇ ನಂಬಿ ಅಂಗಡಿ ಇಟ್ಟವರಿಗೆ ಅದರ ಮಿತಿ ಗೊತ್ತಿರಬೇಡವೇ?

ಔಷಧ ಶುರು ಮಾಡುವ ಮುಂಚೆಯೇ ಅಲ್ಲಿ ಹೊಸದಾಗಿ ಕಲ್ಚರ್‌ಗೆ ಕಳಿಸಿದರು. ಬೆಳೆದದ್ದು ಎಂಟೆರೋಕಾಕಸ್ಸೇ. ಅದಕ್ಕೆ ತಕ್ಕ ಔಷಧ ಕೊಟ್ಟ ಮೇಲೆ ಅತ್ತೆ ಚೇತರಿಸಿಕೊಂಡರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೋಮವಾರ ಲ್ಯಾಬಿಗೆ ಹೋಗಿ ಕಲ್ಚರ್ ವರದಿ ಎಲ್ಲಿ ಎಂದು ಕೇಳಿದೆ.

"ನೈಟ್ರೈಟ್ ನೆಗೆಟಿವ್ ಬಂದರೆ ನಾವು ಕಲ್ಚರ್ ಹಾಕುವುದಿಲ್ಲ ಮೇಡಂ."

"ಹಾಗಾದರೆ ದುಡ್ಡು ಯಾಕೆ ತೆಗೆದುಕೊಂಡಿರಿ?"

"ಅದು ಪ್ಯಾಕೇಜ್."

ರಸೀದಿ ತೋರಿಸಿದೆ. ಪ್ಯಾಕೇಜ್ ಎಂಬ ಪದ ಅದರಲ್ಲಿ ಎಲ್ಲಿಯೂ ಇಲ್ಲ. ಕೌಂಟರಿನಲ್ಲಿದ್ದಾಕೆ ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಪ್ರಿಂಟರ್ ಸದ್ದು ಕೇಳಿಸಿತು. ಕೈಗೆ ಒಂದು ಹಾಳೆ ಕೊಟ್ಟರು: ಮೂತ್ರ ಕಲ್ಚರ್, ಬೆಳವಣಿಗೆ ಇಲ್ಲ. ಮಾದರಿ ಪಡೆದದ್ದು ಶನಿವಾರ ಬೆಳಿಗ್ಗೆ 10:40. ವರದಿ ಸಿದ್ಧವಾದದ್ದು ಅದೇ ಶನಿವಾರ ಸಂಜೆ 5:15.

ಮನೆಯಲ್ಲಿ ಹಾಲು ಹೆಪ್ಪಾಗಿ ಮೊಸರಾಗುವುದಕ್ಕೇ ಒಂದು ರಾತ್ರಿ ಬೇಕು. ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಎನ್ನಬೇಕಾದರೆ ಕನಿಷ್ಠ ಒಂದು ದಿನವಾದರೂ ಕಾಯಬೇಕು, ಎಷ್ಟೋ ಕಡೆ ಎರಡು ದಿನ ಕಾಯುತ್ತಾರೆ. ಇವರು ಆರೂವರೆ ಗಂಟೆಯಲ್ಲಿ ಮುಗಿಸಿದ್ದರು. ಮುಗಿಸುವುದೇನು, ಹಾಕಿಯೇ ಇಲ್ಲ ಎಂದು ಹತ್ತು ನಿಮಿಷದ ಹಿಂದೆ ಅವರೇ ಹೇಳಿದ್ದರು! ಅದನ್ನು ಕೇಳಿದ್ದಕ್ಕೆ ಬಂದ ಉತ್ತರ: "ಗೂಗಲ್ ನೋಡಿಕೊಂಡು ಬಂದು ನಮಗೆ ಪಾಠ ಹೇಳಬೇಡಿ." ಬೆಂಚಿನ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮೋಸ ಮಾಡಿದವರು ಅವರು, ಮುಖ ಕೆಂಪಾದದ್ದು ನನ್ನದು. ಯಾರೊಬ್ಬರೂ ತುಟಿ ಬಿಚ್ಚಲಿಲ್ಲ.

ಕಲ್ಚರ್‌ಗೆ ದುಡ್ಡು ಕಟ್ಟಿದ್ದರೆ ವರದಿಯ ಮೇಲಿನ ಎರಡೂ ಸಮಯಗಳನ್ನು ನೋಡಿ. ಅದೇ ದಿನ "ಬೆಳವಣಿಗೆ ಇಲ್ಲ" ಎಂದು ಕೊಟ್ಟರೆ ಅಲ್ಲಿಯೇ ಜಗಳ ತೆಗೆಯಿರಿ. ಉರಿ, ಜ್ವರ ಇದ್ದರೆ ಕೌಂಟರಿನವರ "ನಾರ್ಮಲ್" ಕೇಳಬೇಡಿ, ಹಾಳೆಯನ್ನು ವೈದ್ಯರಿಗೆ ತೋರಿಸಿ. ಮುಚ್ಚಳ ತೆಗೆದಿಟ್ಟ ಡಬ್ಬಿ ಕಂಡರೆ ಅಲ್ಲಿಂದ ಎದ್ದು ಬನ್ನಿ. ಗಾಳಿಗೆ ಬಿಟ್ಟ ಪಟ್ಟಿ ಸೋಂಕು ಇಲ್ಲದವರಿಗೂ ಪಾಸಿಟಿವ್ ತೋರಿಸಬಹುದಂತೆ.

ರಸೀದಿ, ಎರಡು ವರದಿ, ಆ ಹಾಳೆ, ಎಲ್ಲವನ್ನೂ ಸೇರಿಸಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಲ್ಯಾಬಿನಿಂದ ಸಂದೇಶ ಬಂದಿದೆ: ಹಣ ವಾಪಸ್ ಕೊಡಲು ಬರುವುದಿಲ್ಲವಂತೆ, ಬೇಕಿದ್ದರೆ ಅತ್ತೆಯವರ ಥೈರಾಯ್ಡ್ ಪರೀಕ್ಷೆಗೆ ರಿಯಾಯಿತಿ ಕೊಡುತ್ತಾರಂತೆ.