ನಿಯೋ ಜಿಯೋ: ಕ್ಯಾಸೆಟ್ಟೋ ಸಿಡಿಯೋ?

ಮೊದಲೇ ಹೇಳಿಬಿಡ್ತೀನಿ, ನಿಯೋ ಜಿಯೋ ಅನ್ನೋ ಹಳೇ ವಿಡಿಯೋ ಗೇಮ್ ಮೆಷೀನುಗಳಲ್ಲಿ ನನ್ನ ಓಟು ಕ್ಯಾಸೆಟ್ ಹಾಕುವುದಕ್ಕೇ, ಅಂದರೆ ಎಸ್‌ಎನ್‌ಕೆಯವರು 1990ರಲ್ಲಿ ತಂದ ಎಇಎಸ್‌ಗೆ. ಅದರ ಎದುರಿಗೆ ಇಟ್ಟಿದ್ದು ಅದೇ ಕಂಪನಿಯ 1994ರ ನಿಯೋ ಜಿಯೋ ಸಿಡಿ. ಒಸಾಕಾದಲ್ಲಿ ಇರೋದರಿಂದ ಡೆನ್‌ಡೆನ್ ಟೌನಿನ ಹಳೇ ಗೇಮ್ ಅಂಗಡಿಗಳಲ್ಲಿ ಎರಡೂ ಸಿಕ್ಕವು. ಸಿಡಿ ಮೆಷೀನ್ ಈಗ ಮಾರಿ ಆಯ್ತು.

ಎಇಎಸ್ ಯಾಕಷ್ಟು ದುಬಾರಿ ಅಂದರೆ, ಅದು ಆರ್ಕೇಡಿನಲ್ಲಿ, ಅಂದರೆ ಕಾಸು ಹಾಕಿ ಆಡುವ ಗೇಮ್ ಅಂಗಡಿಯಲ್ಲಿ ಇರುತ್ತಿದ್ದ ಎಂವಿಎಸ್ ಯಂತ್ರವೇ. ಡಬ್ಬಿ ಮಾತ್ರ ಬೇರೆ. ಜಪಾನಿನಲ್ಲಿ ಮೊದಲು ಬಾಡಿಗೆಗೆ ಬಿಟ್ಟಿದ್ದರು. ಜನ ಕೊಳ್ಳೋಕೂ ತಯಾರಿದ್ದಾರೆ ಅಂತ ಗೊತ್ತಾದ ಮೇಲೆ ಮಾರಾಟಕ್ಕಿಟ್ಟರು. ಅಮೆರಿಕದಲ್ಲಿ ಆಟವೂ ಸೇರಿ ಬರುತ್ತಿದ್ದ ಗೋಲ್ಡ್ ಸೆಟ್ಟಿಗೆ 649.99 ಡಾಲರ್, ಅದರ ಮೇಲೆ ಒಂದೊಂದು ಕ್ಯಾಸೆಟ್ಟಿಗೂ 200 ಡಾಲರ್ ಆಸುಪಾಸು. ಅದೇ ಆಟ ಸಿಡಿಯಲ್ಲಾದರೆ ಸುಮಾರು 50 ಡಾಲರ್. ಬರೀ ದುಡ್ಡಿನ ಲೆಕ್ಕವೇ ಆಗಿದ್ದರೆ ಸಿಡಿಯೇ ಗೆಲ್ಲಬೇಕಿತ್ತು.

ಕೆಡಿಸಿದ್ದು ಲೋಡಿಂಗ್. ಸಿಡಿ ಮೆಷೀನಿನಲ್ಲಿ ಇರೋದು ಸಿಂಗಲ್ ಸ್ಪೀಡ್ ಡ್ರೈವ್, ಸೆಕೆಂಡಿಗೆ ಓದೋದು ಸುಮಾರು 150 ಕೆಬಿ. ಒಳಗಿನ ಮೆಮೊರಿ 7 ಎಂಬಿ. ಅದನ್ನು ಪೂರ್ತಿ ತುಂಬಿಸೋಕೇ ಮುಕ್ಕಾಲು ನಿಮಿಷ ಬೇಕು. ಒಂದು ಸಲ ಕಾದು ಮುಗಿಯೋ ಹಾಗಿದ್ದರೆ ಸಹಿಸಬಹುದಿತ್ತು. ಆದರೆ ಕಿಂಗ್ ಆಫ್ ಫೈಟರ್ಸ್ '95 ಅನ್ನೋ ಹೊಡೆದಾಟದ ಆಟದ ಕ್ಯಾಸೆಟ್ಟಿನಲ್ಲಿ 250 ಮೆಗಾಬಿಟ್, ಅಂದರೆ 31 ಎಂಬಿ ಇದೆ. ಅದು 7 ಎಂಬಿಯೊಳಗೆ ಹಿಡಿಸೋದು ಹೇಗೆ? ಚೂರುಚೂರಾಗಿ ಎಳೆದು ತರುತ್ತೆ.

ಆ ಆಟದಲ್ಲಿ ಮೂವರಿಗೆ ಮೂವರು. ಒಬ್ಬ ಬಿದ್ದ, ಮುಂದಿನವನು ಬರಬೇಕು: ಲೋಡಿಂಗ್. ಅವನೂ ಬಿದ್ದ: ಮತ್ತೆ ಲೋಡಿಂಗ್. ಪರದೆ ಮೇಲೆ ಒಂದು ಕೋತಿ ಚೆಂಡು ಎಸೆದು ಹಿಡೀತಾ ನಿಂತಿರುತ್ತೆ. ಮೊದಮೊದಲು ಮುದ್ದು ಅನ್ನಿಸ್ತು, ಆಮೇಲೆ ಅದರ ಮುಖ ಕಂಡರೆ ಆಗ್ತಿರಲಿಲ್ಲ. ಜಗಳ ಕಾವೇರಿದಾಗಲೇ ಪಕ್ಕದಲ್ಲಿ ಕೂತ ಗೆಳೆಯ ಮೊಬೈಲ್ ತೆಗೀತಾನೆ. ರೌಂಡ್ ಶುರುವಾದರೂ ತಲೆ ಎತ್ತಲ್ಲ. ನಾನು ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಆಡುವವನು, ಅದರಲ್ಲೂ ಕೋತಿಗೆ ಪಾಲು ಕೊಡೋಕೆ ಆಗಲ್ಲ. ಆಮೇಲೆ ಜಪಾನಿನಲ್ಲಿ ಮಾತ್ರ ಬಂದ ಸಿಡಿಝಡ್ ಅನ್ನೋ ಇನ್ನೊಂದು ಸಿಡಿ ಮೆಷೀನ್ ಸ್ವಲ್ಪ ಬೇಗ ಅಂತಾರೆ. ನನಗೆ ಸ್ವಲ್ಪ ಸಾಲದು.

ಸಂಗೀತ ಮಾತ್ರ ಸಿಡಿಯಲ್ಲೇ ಚೆಂದ, ಒಪ್ಪಿದೆ.

ಕಂಟ್ರೋಲರೂ ಸಿಡಿಯದ್ದೇ ಮೇಲು. ಹೆಬ್ಬೆರಳ ಕೆಳಗೆ ಟಿಕ್ ಟಿಕ್ ಅನ್ನೋ ಆ ಪುಟ್ಟ ಸ್ಟಿಕ್ಕನ್ನು ವಿಶೇಷ ಏಟಿಗೆ ಅರ್ಧಚಂದ್ರಾಕಾರದಲ್ಲಿ ತಿರುಗಿಸೋದೇ ಒಂದು ಸುಖ. ಪ್ಲಗ್ ಎರಡಕ್ಕೂ ಒಂದೇ, ಹಾಗಾಗಿ ಮೆಷೀನ್ ಮಾರಿದಾಗ ಇದನ್ನು ಕೊಡಲಿಲ್ಲ, ಎಇಎಸ್‌ಗೆ ಸಿಕ್ಕಿಸಿಕೊಂಡಿದ್ದೀನಿ.

ಎಇಎಸ್ ಅಂದರೆ ಮನೆ ಮಾರಬೇಕು ಅಂತ ಹೆದರಬೇಡಿ. ಹೌದು, 1996ರ ಮೆಟಲ್ ಸ್ಲಗ್ ಆಟದ ಮೂಲ ಕ್ಯಾಸೆಟ್ಟಿನ ದುಡ್ಡಿಗೆ ಊರಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತೆ. ಅದನ್ನು ನಾನು ನಿಂಟೆಂಡೊ ಸ್ವಿಚ್‌ನಲ್ಲಿ ಹ್ಯಾಮ್‌ಸ್ಟರ್ ಕಂಪನಿಯವರ ಡೌನ್‌ಲೋಡ್ ತಗೊಂಡು ಆಡ್ತೀನಿ. ಕ್ಯಾಸೆಟ್ ಅಂತ ಕೊಳ್ಳೋದು ಗರೋ ಡೆನ್ಸೆತ್ಸು 2, ಸಮುರಾಯ್ ಸ್ಪಿರಿಟ್ಸ್ ಥರದವನ್ನ. ಇವು ಜಪಾನಿನಲ್ಲಿ ಧಾರಾಳವಾಗಿ ಮಾರಾಟವಾದವು, ಜಪಾನಿ ಪ್ರತಿಗಳು ಇವತ್ತಿಗೂ ಕೈಗೆಟುಕುತ್ತವೆ. ಪವರ್ ಒತ್ತಿದರೆ ಆಟ ಶುರು.

ಕೊಳ್ಳುವಾಗ ಅಡಾಪ್ಟರ್ ನೋಡಿಕೊಳ್ಳಿ. ಮೊದಮೊದಲ ಎಇಎಸ್‌ಗಳಿಗೆ 5 ವೋಲ್ಟ್, ಆಮೇಲಿನವಕ್ಕೆ 9. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅಂಗಡಿಯವರು ಕೊಟ್ಟಿದ್ದನ್ನು ಹಾಗೇ ಚುಚ್ಚಬೇಡಿ.